ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ಸಲಹೆ: ಗಂಡ ಕಟ್ಟಿಸಿದ ಮನೆಯಲ್ಲಿ ನನ್ನ ಪಾಲು

ನಮ್ಮ ಊರಿನ ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಲ್ಲಿ ಸಿಕ್ಕ ಸಲಹೆಗೆ ಮಾತ್ರ ಅಂಕ ಹಾಕುವುದಾದರೆ ಐದೂ ಕೊಡಬಹುದು. ಹೋಟೆಲ್ಲು, ಮಿಕ್ಸಿ, ಸೀರೆ ಅಂಗಡಿ ಬಗ್ಗೆ ಬೇಕಾದಷ್ಟು ಜನ ಬರೆಯುತ್ತಾರೆ. ಒಂದು ರೂಪಾಯಿ ಫೀಸಿಲ್ಲದೆ ನಡೆಯುವ ಈ ಸೇವೆಯ ಬಗ್ಗೆ ಒಬ್ಬ ಹೆಂಗಸು ಬರೆದದ್ದನ್ನು ನಾನು ಎಲ್ಲೂ ಓದಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯ ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿರುವವರಿಗೆ ಇದು ಗೊತ್ತಾಗಲೇಬೇಕು.

ನಾನು ತುಮಕೂರು ಜಿಲ್ಲೆಯವಳು, ಅಂಗನವಾಡಿ ಕಾರ್ಯಕರ್ತೆ. ನಮ್ಮ ಯಜಮಾನರು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಸೈಟನ್ನು ಅವರ ದುಡಿಮೆಯಲ್ಲಿ, ಅವರ ಹೆಸರಿಗೇ ಕ್ರಯ ಮಾಡಿಸಿದ್ದು. ಮೊದಲು ಎರಡು ರೂಮಿನ ಶೀಟಿನ ಮನೆ. ಆಮೇಲೆ ಮೋಲ್ಡು. ಆಮೇಲೆ ಹಿಂದುಗಡೆ ಬಚ್ಚಲು, ಸಂಪು. ನನ್ನ ಗೌರವಧನ, ಸ್ತ್ರೀಶಕ್ತಿ ಸಂಘದ ಸಾಲ, ತವರಿನಲ್ಲಿ ಕೊಟ್ಟ ಓಲೆ ಎಲ್ಲವೂ ಅದಕ್ಕೇ ಹೋಯಿತು. ಅವರು ಹೃದಯಾಘಾತದಲ್ಲಿ ಹೋದರು. ವಿಲ್ ಬರೆದಿರಲಿಲ್ಲ. ಈಗ ಮನೆಯಲ್ಲಿರುವುದು ನಾನು, ನಮ್ಮ ಅತ್ತೆ, ದೊಡ್ಡ ಮಗ, ಸೊಸೆ, ಮೊಮ್ಮಗಳು. ಚಿಕ್ಕ ಮಗ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದಾನೆ. ಮಗಳನ್ನು ಹಾಸನಕ್ಕೆ ಕೊಟ್ಟಿದ್ದೇವೆ.

ವರ್ಷದ ಕಾರ್ಯ ಮುಗಿದ ಮೇಲೆ ದೊಡ್ಡವನು ಮೇಲಂತಸ್ತು ಕಟ್ಟುವ ಮಾತು ತೆಗೆದ. ತಪ್ಪೇನಿಲ್ಲ, ಮನೆ ಸಾಲುತ್ತಿರಲಿಲ್ಲ. ಸಾಲಕ್ಕೆ ಬ್ಯಾಂಕಿನವರು ದಾಖಲೆ ಒಬ್ಬರ ಹೆಸರಿಗೆ ಇರಲಿ ಅಂದರಂತೆ. ಅವನು ಒಬ್ಬ ಪತ್ರ ಬರೆಯುವವರ ಹತ್ತಿರ ಹೋಗಿ ಕಾಗದ ತಯಾರು ಮಾಡಿಸಿದ. 'ಖಾತೆ ಬದಲಾಯಿಸೋಕೆ ಅಷ್ಟೇ ಅಮ್ಮ, ಪೆನ್ಸಿಲ್ ಗುರುತು ಇರುವ ಕಡೆ ಸಹಿ ಹಾಕಿ' ಅಂದರು ಆ ಮನುಷ್ಯ.

ಅಂಗನವಾಡಿಯಲ್ಲಿ ರಿಜಿಸ್ಟರ್ ಬರೆಯುವವರಿಗೆ ಓದದೆ ಸಹಿ ಹಾಕುವ ಅಭ್ಯಾಸ ಇರುವುದಿಲ್ಲ. ಒಂದು ಮೊಟ್ಟೆ ಲೆಕ್ಕ ತಪ್ಪಿದರೂ ನಾವೇ ಉತ್ತರ ಕೊಡಬೇಕು. ಕಾಗದವನ್ನು ಪೂರ್ತಿ ಓದಿದೆ. ತಲೆಬರಹದಲ್ಲಿ 'ಹಕ್ಕು ಬಿಡುಗಡೆ ಪತ್ರ' ಅಂತಿತ್ತು. ಇನ್ನು ಮುಂದೆ ಈ ಸ್ವತ್ತಿನಲ್ಲಿ ನನಗೆ ಯಾವ ಹಕ್ಕೂ ಉಳಿಯುವುದಿಲ್ಲ, ಕೇಳಲೂ ಬರುವುದಿಲ್ಲ ಅಂತ ಒಳಗೆ ಬರೆದಿತ್ತು. ವಿಚಾರಿಸಿಕೊಂಡು ಬರುತ್ತೇನೆ ಅಂತ ಎದ್ದು ಬಂದೆ.

ಆಮೇಲೆ ಮನೆಯಲ್ಲಿ ನಡೆದ ಮಾತು ತುಂಬಾ ಮನೆಗಳಲ್ಲಿ ನಡೆಯುವಂಥದ್ದೇ. ಮೈದುನ ಬಂದು, 'ಅತ್ತಿಗೆ, ಹೆತ್ತ ಮಗನ ಮೇಲೆ ಅನುಮಾನವಾ? ನಿಮ್ಮನ್ನ ಯಾರು ಆಚೆ ಹಾಕ್ತಾರೆ?' ಅಂದರು. ಸೊಸೆಯ ತಂದೆಯೂ ಅದನ್ನೇ ಹೇಳಿದರು. ನಾನು ಅಲ್ಲಿ ಇರಬಹುದು, ಉಣ್ಣಬಹುದು, ಕೊನೇವರೆಗೂ ನೋಡಿಕೊಳ್ಳುತ್ತಾರೆ. ಎಲ್ಲರ ಮಾತೂ ನನ್ನನ್ನು ಇರಿಸಿಕೊಳ್ಳುವ ಬಗ್ಗೆಯೇ. ಆ ಮನೆ ನನ್ನದೂ ಹೌದಾ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಕಾನೂನು ನೆರವಿನ ಉಚಿತ ಸಹಾಯವಾಣಿ 15100 ನಂಬರು ನನಗೆ ಗೊತ್ತಾಗಿದ್ದು ಅಂಗನವಾಡಿಯಿಂದಲೇ. ನವೆಂಬರ್ 9 ಕಾನೂನು ಸೇವಾ ದಿನ. ಆ ಸಮಯದಲ್ಲಿ ಒಮ್ಮೆ ನಮ್ಮ ಕೇಂದ್ರದಲ್ಲಿ ಕಾನೂನು ಅರಿವು ಕಾರ್ಯಕ್ರಮ ಮಾಡಿ, ಒಂದು ಕರಪತ್ರವನ್ನು ಗೋಡೆಗೆ ಅಂಟಿಸಿ ಹೋಗಿದ್ದರು. ಆ ನಂಬರಿಗೆ ಫೋನ್ ಮಾಡಿದೆ. ಮೊದಲ ಸಲ ಸಿಗಲಿಲ್ಲ. ಆಮೇಲೆ ಸಿಕ್ಕಿತು. ಊರು ಕೇಳಿ, ತಾಲ್ಲೂಕು ಕೋರ್ಟಿನಲ್ಲೇ ಕಚೇರಿ ಇದೆ, ನೇರವಾಗಿ ಹೋಗಿ ಅಂದರು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಈ ಸೇವೆಗೆ ವರಮಾನದ ಮಿತಿ ಇಲ್ಲ. ಬಿಪಿಎಲ್ ಕಾರ್ಡ್ ಬೇಡ, ಆದಾಯ ಪ್ರಮಾಣಪತ್ರ ಬೇಡ. ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೂ ಹಾಗೇ. 'ನನಗೆ ಗೌರವಧನ ಬರುತ್ತೆ, ಕೊಡ್ತಾರೋ ಇಲ್ವೋ' ಅಂತ ನಾನು ಹಿಂದೆ ಮುಂದೆ ನೋಡಿದ್ದೆ. ಅಲ್ಲಿ ಯಾರೂ ಅದನ್ನು ಕೇಳಲೇ ಇಲ್ಲ.

ಕಚೇರಿ ಹುಡುಕುವುದು ಕಷ್ಟ. ಬೋರ್ಡು ಮೆಟ್ಟಿಲ ಹಿಂದೆ ಇದೆ. ಒಂದು ಸಣ್ಣ ರೂಮು, ಎರಡು ಬೀರು, ಹೊರಗೆ ಒಂದು ಬೆಂಚು. ಒಳಗೆ ಕೂತು ಮಾತಾಡಿದರೆ ಬೆಂಚಿನವರಿಗೆಲ್ಲ ಕೇಳಿಸುತ್ತದೆ. ಮನೆಯ ಜಗಳ ಹೇಳಿಕೊಳ್ಳುವ ಜಾಗದಲ್ಲಿ ಒಂದು ಬಾಗಿಲಾದರೂ ಮುಚ್ಚುವಂತಿರಬೇಕು. ನಾನು ಒಂದು ಅಂಕ ಕಡಿಮೆ ಕೊಟ್ಟಿದ್ದಕ್ಕೆ ಇದೂ ಕಾರಣ. ಅರ್ಜಿ ಕನ್ನಡದಲ್ಲೇ ಇತ್ತು. ಬರೆಯಲು ಬಾರದವರಿಗೆ ಒಬ್ಬ ಸ್ವಯಂಸೇವಕಿ ಬರೆದುಕೊಡುತ್ತಿದ್ದಳು. ಆಕೆಯ ತಾಳ್ಮೆಗೆ ಬೇರೆಯೇ ಅಂಕ ಕೊಡಬೇಕು.

ನನಗೆ ಸಿಕ್ಕಿದ ಪ್ಯಾನಲ್ ವಕೀಲರು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ವಕೀಲರು, ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರು. ಬೆಳಗ್ಗೆ ಕೋರ್ಟಿನೊಳಗೆ ಬೇರೆ ಕೇಸಿನಲ್ಲಿದ್ದರು, ಅವರು ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಬಂದವರೇ ಒಂದು ಹಾಳೆ ತೆಗೆದು, 'ಅಮ್ಮ, ತೀರಿಕೊಂಡ ದಿನ ಯಾರ್ಯಾರು ಬದುಕಿದ್ದರು ಹೇಳಿ' ಅಂದರು. ನಾನು ಹೇಳಿದೆ: ನಾನು, ಇಬ್ಬರು ಗಂಡು ಮಕ್ಕಳು, ಒಬ್ಬಳು ಮಗಳು. ಅವರು ಪೆನ್ನು ಎತ್ತದೆ, 'ಯಜಮಾನರ ತಾಯಿ?' ಅಂತ ಕೇಳಿದರು. ಅತ್ತೆಯ ಹೆಸರೂ ಹಾಳೆಗೆ ಬಂತು. ಒಟ್ಟು ಐದು ಗೆರೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಮೊದಲ ದರ್ಜೆಯ ವಾರಸುದಾರರಿಗೆ ಸಮನಾಗಿ ಹೋಗುತ್ತದೆ. ಹೆಂಡತಿ, ತಾಯಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ಒಂದೊಂದು ಪಾಲು. ತಂದೆ ಇದರಲ್ಲಿ ಬರುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಐದರಲ್ಲಿ ಒಂದು ಪಾಲು ನನ್ನದು. ಮದುವೆಯಾಗಿ ಹೋದ ಮಗಳಿಗೂ ಅಷ್ಟೇ. ನಮ್ಮ ಅತ್ತೆಗೂ ಅಷ್ಟೇ. ಗಂಡ ಹೋದ ಮೇಲೆ ಮನೆಯೆಲ್ಲ ಹೆಂಡತಿಗೇ ಅಂತ ಕೆಲವರು ಅಂದುಕೊಂಡಿರುತ್ತಾರೆ. ಗಂಡು ಮಕ್ಕಳಿಗೇ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಎರಡೂ ಸುಳ್ಳು.

'ನನ್ನ ಓಲೆ, ಸಂಘದ ಸಾಲ ಎಲ್ಲ ಇದರಲ್ಲೇ ಇದೆ ಮೇಡಂ' ಅಂದೆ. ಅವರು ಸುಮ್ನೆ ಸಮಾಧಾನ ಹೇಳಲಿಲ್ಲ. ಕ್ರಯಪತ್ರ ಯಜಮಾನರ ಹೆಸರಿನಲ್ಲಿದೆ, ನೀವು ಹಾಕಿದ ದುಡ್ಡನ್ನು ಸಾಬೀತು ಮಾಡಿ ಹೆಚ್ಚು ಪಾಲು ಕೇಳುವುದು ಬಹಳ ಕಷ್ಟ ಅಂದರು. ಈ ಪಾಲಿಗೆ ಮಾತ್ರ ಯಾವ ಸಾಬೀತೂ ಬೇಡ, ಅವರು ಉಸಿರು ನಿಲ್ಲಿಸಿದ ಗಳಿಗೆಯಲ್ಲೇ ಅದು ನಿಮ್ಮದಾಗಿದೆ ಅಂದರು. ಇನ್ನು ಯಾರೂ ಅದನ್ನು ಕೊಡಬೇಕಾಗಿಲ್ಲ. ನಾನಾಗಿ ಬಿಟ್ಟುಕೊಟ್ಟರೆ ಮಾತ್ರ ಹೋಗುತ್ತದೆ. ಪೆನ್ಸಿಲ್ ಗುರುತಿನ ಕಾಗದ ಅದಕ್ಕಾಗಿಯೇ ತಯಾರಾಗಿತ್ತು.

ಖಾತೆಯ ವಿಚಾರ ಅಲ್ಲೇ ಬಿಡಿಸಿ ಹೇಳಿದರು. ಖಾತೆ ಇರುವುದು ಕಂದಾಯ ಕಟ್ಟಲು. ಪುರಸಭೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಒಬ್ಬರ ಹಕ್ಕು ಇನ್ನೊಬ್ಬರಿಗೆ ಹೋಗುವುದಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಟ್ಟು ಐದೂ ಜನರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಬಹುದು. ಅದಕ್ಕೆ ಯಾರೂ ಹಕ್ಕು ಬಿಡಬೇಕಾಗಿಲ್ಲ. ಆದರೆ ಸಬ್ ರಿಜಿಸ್ಟ್ರಾರ್ ಮುಂದೆ ನೋಂದಣಿಯಾದ ಬಿಡುಗಡೆ ಪತ್ರದ ಮಾತೇ ಬೇರೆ. ಅಲ್ಲಿ ಹೋದ ಪಾಲನ್ನು ವಾಪಸು ಪಡೆಯಲು ಮೋಸವಾಯಿತು ಅಂತ ಸಾಬೀತು ಮಾಡುತ್ತಾ ಕೋರ್ಟಿನಲ್ಲಿ ವರ್ಷಗಟ್ಟಲೆ ಓಡಾಡಬೇಕು.

ನನಗೆ ಜಾಸ್ತಿ ಉಪಯೋಗವಾಗಿದ್ದು ಅತ್ತೆಯ ಪಾಲಿನ ವಿಚಾರ. ನಮ್ಮಲ್ಲಿ ಯಾರಿಗೂ ಅದು ಹೊಳೆದೇ ಇರಲಿಲ್ಲ. ಅತ್ತೆ ವಿಲ್ ಬರೆಯದೆ ಹೋದರೆ ಅವರ ಐದನೇ ಒಂದು ಪಾಲು ಅವರ ಮಕ್ಕಳಿಗೆ ಹೋಗುತ್ತದೆ. ಅಂದರೆ ನನ್ನ ಮೈದುನನಿಗೆ ಒಂದು ಭಾಗ, ನಾದಿನಿಗೆ ಒಂದು ಭಾಗ, ತೀರಿಕೊಂಡ ಮಗನ ಭಾಗ ಅವರ ಮಕ್ಕಳಿಗೆ. ಸೊಸೆಯಾದ ನನಗೆ ಅದರಲ್ಲಿ ಏನೂ ಇಲ್ಲ. ನಾಳೆ ಮನೆಯ ಯಾವ ಕಾಗದಕ್ಕಾದರೂ ಮೈದುನ, ನಾದಿನಿಯ ಸಹಿ ಬೇಕಾಗುತ್ತದೆ. 'ಅತ್ತೆ ಗಟ್ಟಿಯಾಗಿರುವಾಗಲೇ, ಅವರ ಇಷ್ಟ ಕೇಳಿ, ಅವರ ಬಾಯಿಂದಲೇ ಇತ್ಯರ್ಥ ಮಾಡಿಕೊಳ್ಳಿ. ಅವರ ಮೇಲೂ ಯಾರೂ ಒತ್ತಡ ಹಾಕಬಾರದು' ಅಂದರು ವಕೀಲರು. ನನ್ನ ಪರ ಕೂತಿದ್ದವರು ಅತ್ತೆಯ ಹಕ್ಕನ್ನೂ ಅಷ್ಟೇ ಕಾಳಜಿಯಿಂದ ನೋಡಿದ್ದು ನನಗೆ ಇಷ್ಟವಾಯಿತು. ಅವರೂ ಗಂಡನನ್ನು ಕಳೆದುಕೊಂಡವರೇ ಅಲ್ವಾ. ಅವರ ಕಾಲದಲ್ಲಿ ಯಾರೂ ಅವರಿಗೆ ಹೀಗೆ ಹಾಳೆಯ ಮೇಲೆ ಗೆರೆ ಎಳೆದು ಹೇಳಿರಲಿಲ್ಲ.

ಈ ಹಕ್ಕುಗಳು ಒಂದೇ ದಿನ ಬಂದದ್ದಲ್ಲ. ನಮ್ಮ ಹಳೇ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಆಗಿತ್ತಂತೆ. ಬ್ರಿಟಿಷರ ಸೀಮೆಯಲ್ಲಿ 1937ರ ಕಾಯ್ದೆ ವಿಧವೆಗೆ ಪಾಲು ಕೊಟ್ಟರೂ ಅದು ಬದುಕಿರುವ ತನಕ ಅನುಭವಿಸಲು ಮಾತ್ರ. ಪೂರ್ತಿ ಒಡೆತನ ಸಿಕ್ಕಿದ್ದು 1956ರಲ್ಲಿ. ಆಗಲೂ ಕಾಯ್ದೆಯಲ್ಲಿ 23ನೇ ಕಲಂ ಅಂತ ಒಂದು ತೊಡಕಿತ್ತು. ಕುಟುಂಬದವರು ವಾಸವಿರುವ ಮನೆಯನ್ನು ಭಾಗ ಮಾಡಿಕೊಡಿ ಅಂತ ಹೆಣ್ಣು ವಾರಸುದಾರರು ತಾವಾಗಿ ಕೇಳುವಂತಿರಲಿಲ್ಲ. ಗಂಡು ಮಕ್ಕಳು ಮನಸ್ಸು ಮಾಡುವವರೆಗೂ ಕಾಯಬೇಕಿತ್ತು. 2005ರ ತಿದ್ದುಪಡಿ ಆ ಕಲಮನ್ನೇ ಕಿತ್ತುಹಾಕಿತು. ಅದೇ ವರ್ಷದ ಸೆಪ್ಟೆಂಬರ್ 9ರಿಂದ ಜಾರಿ. ಆ ಹೊತ್ತಿಗೆ ನಮ್ಮ ಮನೆಗೆ ಗೃಹಪ್ರವೇಶವೂ ಆಗಿತ್ತು. ಇಷ್ಟು ಹತ್ತಿರದ ಕಾಲದವರೆಗೂ ಆ ತಡೆ ಇತ್ತು ಅಂತ ಕೇಳಿ ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ.

ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ ಹೆಂಗಸಿನದು ಪಿತ್ರಾರ್ಜಿತ ಮನೆ. ಅದರ ಲೆಕ್ಕ ಬೇರೆ. ವಕೀಲರು ಆಕೆಗೆ ಹೀರಾಬಾಯಿ ಅನ್ನುವವರ ಕೇಸು ಹೇಳಿದರು. ಗಂಡ ಖಂಡಪ್ಪ 1960ರಲ್ಲಿ ತೀರಿಕೊಂಡಾಗ ಹೀರಾಬಾಯಿ, ಇಬ್ಬರು ಗಂಡು, ಮೂವರು ಹೆಣ್ಣು ಮಕ್ಕಳು ಇದ್ದರು. ಕೆಳಗಿನ ಕೋರ್ಟು ಆಕೆಗೆ 24ರಲ್ಲಿ 1 ಪಾಲು ಅಂದಿತ್ತು. ಗಂಡ ಸಾಯುವ ಮುಂಚೆ ಮನೆ ಭಾಗವಾಗಿದ್ದರೆ ಆಕೆಗೇ ಅಂತ ಬರುತ್ತಿದ್ದ ನಾಲ್ಕನೇ ಒಂದು ಪಾಲನ್ನೂ ಸೇರಿಸಿ, ಒಟ್ಟು 24ರಲ್ಲಿ 7 ಪಾಲು ಅಂತ 1978ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಈಗ ಹೆಣ್ಣು ಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಇರುವುದರಿಂದ ಆ ಅಂಕಿ ಎಲ್ಲರ ಮನೆಗೂ ಹಾಗೇ ಹೊಂದುವುದಿಲ್ಲ. ಆದರೆ ಹೆಂಡತಿಯ ಪಾಲು ಎರಡು ದಾರಿಯಿಂದ ಬರಬಹುದು ಅನ್ನುವುದನ್ನು ತಿಳಿದುಕೊಳ್ಳಬೇಕು. ಆ ತಾಯಿ ಸುಪ್ರೀಂ ಕೋರ್ಟಿನ ತನಕ ಹೋರಾಡಬೇಕಾಗಿ ಬಂದದ್ದು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನ ಜೊತೆ. ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು.

ಧರ್ಮಕ್ಕೆ ತಕ್ಕಂತೆ ಪಾಲು ಬದಲಾಗುತ್ತದೆ. ಅದನ್ನೂ ಅಲ್ಲೇ ಕೇಳಿ ಹೋಗಬೇಕು. ಮಕ್ಕಳಿರುವ ಮುಸ್ಲಿಂ ವಿಧವೆಗೆ ಎಂಟನೇ ಒಂದು ಪಾಲು, ಮಕ್ಕಳಿಲ್ಲದಿದ್ದರೆ ನಾಲ್ಕನೇ ಒಂದು. ಮಕ್ಕಳಿರುವ ಕ್ರಿಶ್ಚಿಯನ್ ವಿಧವೆಗೆ ಮೂರನೇ ಒಂದು. ಪಕ್ಕದ ಮನೆಯವರ ಲೆಕ್ಕ ಕೇಳಿಕೊಂಡು ಬಂದು ನಮ್ಮ ಮನೆಗೆ ಹಚ್ಚಿದರೆ ಜಗಳವೇ ಜಾಸ್ತಿ.

ವಾಸದ ಹಕ್ಕು ಒಡೆತನದ ಹಕ್ಕಿಗಿಂತ ಬೇರೆ. ಮನೆ ಮಾವನ ಹೆಸರಿನಲ್ಲೋ ಅತ್ತೆಯ ಹೆಸರಿನಲ್ಲೋ ಇದ್ದು, ಗಂಡನ ಪಾಲೇ ಇಲ್ಲದಿದ್ದರೂ ವಿಧವೆ ಸೊಸೆಯನ್ನು ಸುಮ್ಮನೆ ಬೀದಿಗೆ ತಳ್ಳಲು ಬರುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಳಿಗೆ ಆ ಮನೆಯಲ್ಲಿ ವಾಸದ ಹಕ್ಕಿದೆ. 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಅನ್ನುವ ವಿಧವೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆ ಪೀಠದಲ್ಲಿದ್ದರು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಕೂಸನ್ನು ಎತ್ತಿಕೊಂಡು ತವರಿಗೆ ಹೊರಡುವ ಹುಡುಗಿಯರನ್ನು ನಾನು ಅಂಗನವಾಡಿಯಲ್ಲಿ ನೋಡಿದ್ದೇನೆ. ಹೊರಡುವ ಮುಂಚೆ ಯಾರಾದರೂ ಅವರಿಗೆ ಇದನ್ನು ಹೇಳಬೇಕು. ಮತ್ತೆ ಮದುವೆಯಾದರೆ ಸತ್ತ ಗಂಡನಿಂದ ಬಂದ ಪಾಲು ಹೋಗುತ್ತದೆ ಅಂತ ಹೆದರಿಸುವುದೂ ಉಂಟು. ಒಮ್ಮೆ ಅವಳದಾದ ಪಾಲು ಅವಳದೇ ಅಂದರು ವಕೀಲರು.

ನಾನು ಮಗನ ಮೇಲೆ ಕೇಸು ಹಾಕಲು ಹೋದವಳಲ್ಲ. ಸಮಿತಿಯವರೂ ಹಾಕಿ ಅನ್ನಲಿಲ್ಲ. ದಾವೆಗೆ ಮುಂಚೆಯೇ ರಾಜಿ ಮಾತುಕತೆ ಮಾಡಿಸಬಹುದು ಅಂತ ಎಲ್ಲರಿಗೂ ನೋಟಿಸು ಕಳಿಸಿದರು. ಈ ನೋಟಿಸಿನ ಭಾಷೆ ಬಗ್ಗೆ ನನ್ನ ದೂರಿದೆ. 'ತಪ್ಪಿದಲ್ಲಿ ಮುಂದಿನ ಕ್ರಮ' ಅಂತೆಲ್ಲ ಇತ್ತು. ಅದನ್ನು ಓದಿ ದೊಡ್ಡವನು ಊಟ ಬಿಟ್ಟು ಎದ್ದ, ಸೊಸೆ ಅತ್ತಳು. ಮಾತಾಡಲು ಕರೆಯುವ ಕಾಗದವನ್ನು ಮಾತಾಡುವ ಹಾಗೆ ಬರೆಯಬಹುದಿತ್ತು.

ಮಾತುಕತೆ ಮಾತ್ರ ಚೆನ್ನಾಗಿ ನಡೆಯಿತು. ನಡುವೆ ಕೂತಿದ್ದ ಹಿರಿಯ ವಕೀಲರು ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳಿದರು. ಅತ್ತೆಗೆ ಕಿವಿ ಮಂದ. ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ನಮ್ಮನ್ನೆಲ್ಲ ಹೊರಗೆ ಕಳಿಸಿ ಮಾತಾಡಿದರು. ದೊಡ್ಡವನು, 'ಅಮ್ಮ ನನಗೆ ದಾನಪತ್ರ ಮಾಡಿಕೊಡಲಿ, ನೋಡಿಕೊಳ್ಳುತ್ತೇನೆ ಅಂತ ನಾನು ಬರೆದುಕೊಡುತ್ತೇನೆ' ಅಂದ. ಹಾಗೆ ಮಾಡುವುದಾದರೆ ನೋಡಿಕೊಳ್ಳಬೇಕು ಅನ್ನುವ ಷರತ್ತು ದಾನಪತ್ರದೊಳಗೇ ಇರಬೇಕು, ಆಗ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅದನ್ನು ರದ್ದು ಮಾಡಿ ಅಂತ ಉಪವಿಭಾಗಾಧಿಕಾರಿಗಳ ಹತ್ತಿರ ಕೇಳಲು ದಾರಿ ಇರುತ್ತದೆ ಅಂತ ವಿವರಿಸಿದರು. ನಾನು ಬೇಡ ಅಂದೆ. ಕೊಟ್ಟು ಆಮೇಲೆ ರದ್ದು ಮಾಡಿ ಅಂತ ಓಡಾಡುವುದಕ್ಕಿಂತ ಇಟ್ಟುಕೊಳ್ಳುವುದೇ ಮೇಲು.

ದಾರಿ ತೆರೆದದ್ದು ನನ್ನ ಮಗಳು. ಅಣ್ಣಂದಿರ ಮುಂದೆ ಯಾವತ್ತೂ ಎದುರು ಮಾತಾಡದವಳು. 'ಅಣ್ಣನ ಹೆಸರಿಗೆ ಅಂದ್ರೆ ನಾನು ಸಹಿ ಹಾಕಲ್ಲ. ಅಮ್ಮನ ಹೆಸರಿಗೆ ಅಂದ್ರೆ ಈಗಲೇ ಹಾಕ್ತೀನಿ' ಅಂದಳು. ಆಮೇಲೆ ಎಲ್ಲ ಸಲೀಸಾಯಿತು. ಐದೂ ಜನ ಸೇರಿ ಒಂದು ವಿಭಾಗ ಪತ್ರ ನೋಂದಣಿ ಮಾಡಿಸಿದೆವು. ಕೆಳಗಿನ ಮನೆ ಪೂರ್ತಿ ನನಗೆ. ಮೇಲೆ ಕಟ್ಟುವ ಹಕ್ಕು ಮತ್ತು ಅದಕ್ಕೆ ಸೇರಿದ ಭಾಗ ದೊಡ್ಡವನಿಗೆ. ಚಿಕ್ಕವನ ಪಾಲಿಗೆ ದೊಡ್ಡವನು ಹಣ ಕೊಡಬೇಕು, ಕಂತು ಸಮೇತ ಪತ್ರದಲ್ಲಿದೆ. ಮಗಳು ಹಣ ಬೇಡ ಅಂದಳು. ವಕೀಲರು ಬಿಡಲಿಲ್ಲ. ಅವಳನ್ನು ಒಬ್ಬಳನ್ನೇ ಕರೆದು, ಇದು ನಿನ್ನ ಸ್ವಂತ ತೀರ್ಮಾನವಾ ಅಂತ ಕೇಳಿ ಆಮೇಲೆ ಬರೆಸಿದರು. ಅತ್ತೆ ಕೆಳಗಿನ ಮನೆಯ ಮುಂದಿನ ರೂಮಿನಲ್ಲಿ ಬದುಕಿರುವ ತನಕ ಇರುವ ಹಕ್ಕನ್ನು ಬರೆಸಿಕೊಂಡು ತಮ್ಮ ಪಾಲನ್ನು ನನ್ನ ಭಾಗಕ್ಕೆ ಸೇರಿಸಿದರು. ಮೈದುನನಿಗೆ ಅದು ಅಷ್ಟು ಹಿಡಿಸಲಿಲ್ಲ. ದೊಡ್ಡವನಿಗೆ ಬ್ಯಾಂಕಿನ ಸಾಲವೂ ಆಯಿತು, ಈಗ ಮೇಲೆ ಪಿಲ್ಲರ್ ಎದ್ದಿದೆ. ಸಮಿತಿಗೆ ನಾವು ಏನೂ ಕೊಡಲಿಲ್ಲ. ಛಾಪಾ ಕಾಗದ, ನೋಂದಣಿ ಶುಲ್ಕ, ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದು ನಮ್ಮ ಕೈಯಿಂದ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಮಧ್ಯದಲ್ಲಿ ನಮ್ಮ ವಕೀಲರು ಬದಲಾದರು. ಹೊಸಬರಿಗೆ ಮೊದಲಿಂದ ಎಲ್ಲ ಹೇಳಬೇಕಾಯಿತು. ಮುಂದಿನ ದಿನಾಂಕವನ್ನು ಫೋನಿನಲ್ಲಿ ತಿಳಿಸುವ ವ್ಯವಸ್ಥೆ ಇಲ್ಲ. ಕೂಲಿ ಬಿಟ್ಟು ಬರುವವರಿಗೆ ಒಂದು ದಿನ ವ್ಯರ್ಥವಾದರೆ ಒಂದು ದಿನದ ದುಡ್ಡು ಹೋಯಿತು. ಮನೆಯವರು ರಾಜಿಗೆ ಒಪ್ಪದಿದ್ದರೆ ಇಲ್ಲಿ ಯಾರೂ ಬಲವಂತ ಮಾಡುವುದಿಲ್ಲ. ಆಗ ದಾವೆಯೇ ಗತಿ. ಅದಕ್ಕೂ ಉಚಿತ ವಕೀಲರು ಸಿಗುತ್ತಾರೆ, ಕೋರ್ಟು ಶುಲ್ಕವನ್ನೂ ಅವರೇ ನೋಡಿಕೊಳ್ಳುತ್ತಾರೆ. ಆದರೆ ಕಾಲ ಹಿಡಿಯುತ್ತದೆ.

ನಮ್ಮ ಕೇಂದ್ರದ ಸಹಾಯಕಿಗೆ ಮಕ್ಕಳಿಲ್ಲ, ಗಂಡನೂ ಇಲ್ಲ. ಗಂಡನಿಂದ ಬಂದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಕಾಯಿಲೆ ಬಿದ್ದಾಗ ನೋಡುವವಳು ಅವಳ ತಂಗಿ ಮಗಳು. ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಅವಳು ವಿಲ್ ಬರೆಯದೆ ಹೋದರೆ ಆ ಮನೆ ಗಂಡನ ವಾರಸುದಾರರಿಗೆ ಹೋಗುತ್ತದೆ, ತಂಗಿ ಮಗಳಿಗೆ ಏನೂ ಸಿಗುವುದಿಲ್ಲ ಅಂದರು. ವಿಲ್ಲಿಗೆ ಛಾಪಾ ಕಾಗದ ಬೇಡ. ಬಿಳಿ ಹಾಳೆಯಲ್ಲೇ ಬರೆಯಬಹುದು. ಅವಳ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಅವಳು ಬರೆಸಿದಳು. ನಾನೂ ಬರೆಸಿದ್ದೇನೆ.

ಹೋಗುವವರು ಆಧಾರ್, ಮರಣ ಪ್ರಮಾಣಪತ್ರ, ವಂಶವೃಕ್ಷ, ಕ್ರಯಪತ್ರ, ಕಂದಾಯ ಕಟ್ಟಿದ ರಸೀದಿ ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ಸಹಿ ಹಾಕಿ ಅಂತ ಯಾರಾದರೂ ಕಾಗದ ಕೊಟ್ಟಿದ್ದರೆ ಅದರ ಫೋಟೋ ತೆಗೆದುಕೊಂಡು ಹೋಗಿ, ವಕೀಲರು ಮೊದಲು ಅದನ್ನೇ ಕೇಳುತ್ತಾರೆ. ಬೆಳಗ್ಗೆ ಕೋರ್ಟು ಶುರುವಾಗುವ ಮುಂಚೆ ತಲುಪಿದರೆ ವಕೀಲರು ಬೇಗ ಸಿಗುತ್ತಾರೆ. ಕುಡಿಯುವ ನೀರಿನ ವ್ಯವಸ್ಥೆ ಇದೆ. ಹೆಂಗಸರ ಶೌಚಾಲಯ ಹಿಂದಿನ ಕಟ್ಟಡದಲ್ಲಿದೆ, ಬೀಗದ ಕೈ ಕಚೇರಿಯಲ್ಲಿ ಕೇಳಬೇಕು.